ರಸೀದಿ ಕೊಡುವ ಮುನ್ನ: ಪುಟ್ಟ ಬೋರ್ಡಿನ ಮೇಲೊಂದು ಇಮೇಲ್ ಸರ್ವರ್

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಓಘದಲ್ಲಿ ಬಂದ ಪುನರುಕ್ತಿಗಳನ್ನು ತೆಗೆದು, ಲೆಕ್ಕಗಳನ್ನು ಇನ್ನೊಮ್ಮೆ ಸರಿನೋಡಿ ಬರೆದದ್ದು.)

ನಾನಿಂದು ವಿವರಿಸಲಿರುವ ಇಮೇಲ್ ಸರ್ವರ್ ಸಕಲೇಶಪುರದ ಕಡೆಯ ಕಾಫಿ ತೋಟವೊಂದರ ಕಚೇರಿಯಲ್ಲಿ, ಗೋಡೆಗೆ ಹೊಡೆದ ಹಲಗೆಯ ಮೇಲೆ ಕುಳಿತಿದೆ. ಅದು ಓಡುವ ಬೋರ್ಡು ಒಂದು ಹಳೆಯ ರೌಟರಿನದು: ಒಂದೇ ಕೋರಿನ ಮಿಪ್ಸ್ ಪ್ರೊಸೆಸರ್, 64 ಮೆಗಾಬೈಟ್ ಮೆಮೊರಿ, ಅದರ ಮೇಲೆ ರೌಟರುಗಳಿಗೆಂದೇ ಇರುವ ಲಿನಕ್ಸ್ ವ್ಯವಸ್ಥೆ ಓಪನ್‌ಡಬ್ಲ್ಯುಆರ್‌ಟಿ, ಪತ್ರಗಳನ್ನು ಇಡಲು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ಒಂದು ಎಸ್‌ಡಿ ಕಾರ್ಡು. ಕಚೇರಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಘಟಕ, ಗೋದಾಮು, ರೈಟರ (ತೋಟದ ಗುಮಾಸ್ತರ) ವಸತಿ ಎಂದು ಅಲ್ಲಿ ಒಟ್ಟು ಹನ್ನೆರಡು ಅಂಚೆಪೆಟ್ಟಿಗೆಗಳಿವೆ. ಮಳೆ ಮಾಪಕಕ್ಕೂ ಪಲ್ಪಿಂಗ್ ಘಟಕದ ನೀರಿನ ಮೀಟರಿಗೂ ಜೋಡಿಸಿದ ಚಿಕ್ಕ ಬೋರ್ಡುಗಳು ತಮ್ಮ ಲೆಕ್ಕವನ್ನು ಇಮೇಲ್ ರೂಪದಲ್ಲಿಯೇ ಕಳುಹಿಸುತ್ತವೆ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಯಾವಾಗ ಹೋಗುತ್ತದೆ, ನೆಟ್‌ವರ್ಕು ಯಾವಾಗ ಬರುತ್ತದೆ ಎಂಬುದನ್ನು ಯಾರೂ ಹೇಳಲಾರರು.

ಇಂಥ ಜಾಗಕ್ಕೆ ಇಮೇಲ್ ಏಕೆ, ಬೇರೆ ಹೊಸ ವಿಧಾನಗಳಿಲ್ಲವೇ ಎಂದು ಕೇಳುವವರಿದ್ದಾರೆ. ಕಳುಹಿಸುವವನೂ ಪಡೆಯುವವನೂ ಒಂದೇ ಹೊತ್ತಿನಲ್ಲಿ ಎಚ್ಚರವಾಗಿರಬೇಕಿಲ್ಲ ಎಂಬುದೇ ಇಮೇಲ್‌ನ ಮೂಲ ಗುಣ. ಜಾನ್ ಪೋಸ್ಟಲ್ 1982ರ ಆಗಸ್ಟ್‌ನಲ್ಲಿ ಇಮೇಲ್ ಸಾಗಿಸುವ ನಿಯಮಾವಳಿಯಾದ ಎಸ್‌ಎಮ್‌ಟಿಪಿಯನ್ನು, ಇಂಟರ್ನೆಟ್ ನಿಯಮಗಳ ದಾಖಲೆ ಸರಣಿಯಲ್ಲಿ ಆರ್‌ಎಫ್‌ಸಿ 821 ಎಂಬ ದಾಖಲೆಯಾಗಿ ಹೊರತಂದಾಗ ಜಾಲದ ಸಂಪರ್ಕಗಳು ಬಂದು ಹೋಗುವಂಥವೇ ಆಗಿದ್ದವು. ವಿಶ್ವವಿದ್ಯಾಲಯದ ದೊಡ್ಡ ಯಂತ್ರದಲ್ಲೂ ಕೆಲವೇ ಮೆಗಾಬೈಟ್ ಮೆಮೊರಿ ಇರುತ್ತಿತ್ತು. ಆದ್ದರಿಂದ ಇಮೇಲ್ ಸರ್ವರನ್ನು ಪುಟ್ಟ ಯಂತ್ರದೊಳಗೆ ಹೇಗೆ ತುರುಕುವುದು ಎಂಬ ಪ್ರಶ್ನೆಯೇ ಸ್ವಲ್ಪ ತಲೆಕೆಳಗಾದದ್ದು. ಅದು ಹುಟ್ಟಿದ್ದೇ ಪುಟ್ಟ ಯಂತ್ರದಲ್ಲಿ. ಮೈ ಬಂದದ್ದು ಆಮೇಲೆ.

ಮೈ ಎಲ್ಲಿಂದ ಬಂತು ಎಂಬುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಿಕ್ ಆಲ್‌ಮನ್ ಬರೆದ ಇಮೇಲ್ ಸರ್ವರ್ ಸೆಂಡ್‌ಮೇಲ್ ಹತ್ತಾರು ಬಗೆಯ ಜಾಲಗಳ ವಿಳಾಸಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕಾಗಿದ್ದ ಕಾಲದ್ದು, ಹಾಗಾಗಿ ಅದರ ಸಂರಚನಾ ಕಡತವೇ ಒಂದು ಭಾಷೆಯಾಗಿ ಬೆಳೆಯಿತು. 1988ರ ನವೆಂಬರ್‌ನಲ್ಲಿ ಜಾಲದಲ್ಲಿ ತಾನೇ ಹರಡಿಕೊಂಡ ಮಾರಿಸ್ ಹುಳು ಎಂಬ ಪ್ರೋಗ್ರಾಮು ಒಳನುಗ್ಗಿದ ದಾರಿಗಳಲ್ಲಿ ಸೆಂಡ್‌ಮೇಲ್‌ನ ಡೀಬಗ್ ಸೌಲಭ್ಯವೂ ಒಂದು. ಡೇನಿಯಲ್ ಬರ್ನ್‌ಸ್ಟೀನ್ ಅವರ ಕ್ಯೂಮೇಲ್ ಮತ್ತು ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್, ಕೆಲಸವನ್ನು ಚಿಕ್ಕ ಚಿಕ್ಕ ಪ್ರೋಗ್ರಾಮುಗಳಿಗೆ ಹಂಚಿ ಆ ಅಪಾಯವನ್ನು ಬಹಳಮಟ್ಟಿಗೆ ತಗ್ಗಿಸಿದವು. ಇಂದು ಮೆಮೊರಿ ತಿನ್ನುವುದು ಈ ಸರ್ವರುಗಳಿಗಿಂತ ಅವುಗಳ ಬೆನ್ನಿಗೆ ಕಟ್ಟುವ ಸ್ಪಾಮ್ ಶೋಧಕ, ವೈರಸ್ ಶೋಧಕಗಳೇ. ಹೊರಗಿನ ಅಪರಿಚಿತರಿಂದ ನೇರವಾಗಿ ಪತ್ರ ತೆಗೆದುಕೊಳ್ಳದ ಸರ್ವರಿಗೆ ಅವೆರಡೂ ಬೇಡ.

ಹಾಗೆಯೇ ಹೊರಗಿನವರಿಗೆ ನೇರವಾಗಿ ಪತ್ರ ಕಳುಹಿಸುವ ಆಸೆಯನ್ನೂ ಮೊದಲೇ ಬಿಟ್ಟೆವು. ಮನೆಬಳಕೆಯ ಸಂಪರ್ಕಗಳಲ್ಲಿ 25ನೆಯ ಪೋರ್ಟನ್ನು ಹಲವೆಡೆ ಮುಚ್ಚಿರುತ್ತಾರೆ. ಮೊಬೈಲ್ ಜಾಲದಲ್ಲಿ ನಮ್ಮದೇ ಆದ ಸಾರ್ವಜನಿಕ ವಿಳಾಸ ಸಾಮಾನ್ಯವಾಗಿ ಸಿಗುವುದಿಲ್ಲ. ಇವೆರಡನ್ನು ದಾಟಿದರೂ ಕಳುಹಿಸಿದವನ ಗುರುತನ್ನು ಖಾತರಿಪಡಿಸುವ ಎಸ್‌ಪಿಎಫ್, ಡಿಕಿಮ್, ಹಿಮ್ಮುಖ ಡಿಎನ್‌ಎಸ್ ದಾಖಲೆಗಳಿಲ್ಲದ ಪತ್ರವನ್ನು ದೊಡ್ಡ ಸೇವೆಗಳು ನಂಬುವುದಿಲ್ಲ. 2024ರ ಫೆಬ್ರವರಿಯಿಂದ ಜಿಮೇಲ್ ಮತ್ತು ಯಾಹೂ ಈ ನಿಯಮಗಳನ್ನು ಇನ್ನಷ್ಟು ಬಿಗಿ ಮಾಡಿವೆ. ಯಾರು ಬೇಕಾದರೂ ಅಂಚೆಕಚೇರಿ ತೆರೆಯಬಹುದು ಎಂಬ ಪೋಸ್ಟಲ್‌ರ ಕಾಲದ ಏರ್ಪಾಡು ಹೀಗೆ ಕಿರಿದಾದದ್ದು ನನಗೆ ಹಿಡಿಸದ ಸಂಗತಿ, ಆದರೆ ಅದರೊಡನೆ ಜಗಳವಾಡಿ ತೋಟದ ಪತ್ರಗಳನ್ನು ಸ್ಪಾಮ್ ಪೆಟ್ಟಿಗೆಗೆ ಕಳುಹಿಸುವುದರಲ್ಲಿ ಅರ್ಥವಿಲ್ಲ. ಹೊರಗೆ ಹೋಗುವ ಪತ್ರಗಳು ನಮ್ಮಲ್ಲಿ ಸರತಿಯಲ್ಲಿ ನಿಂತು, ನೆಟ್‌ವರ್ಕು ಬಂದೊಡನೆ 465ನೆಯ ಪೋರ್ಟಿನ ಮೂಲಕ ನಮ್ಮ ಪರವಾಗಿ ಪತ್ರ ಮುಟ್ಟಿಸಲು ಹಣ ಕೊಟ್ಟು ಪಡೆದ ರಿಲೇ ಸೇವೆಗೆ ಹೋಗುತ್ತವೆ. ಓದುವ ಕಡೆಗೂ ಇದೇ ಮಿತವ್ಯಯ: ಹುಡುಕಾಟ, ಫೋಲ್ಡರು, ಅರ್ಧ ಪತ್ರ ತರಿಸುವ ಸೌಲಭ್ಯಗಳ ಐಮ್ಯಾಪ್ ಬದಲು 1996ರ ಆರ್‌ಎಫ್‌ಸಿ 1939ರಲ್ಲಿರುವ ಪಾಪ್3 ಎಂಬ ಸರಳ ವಿಧಾನ ಸಾಕಾಯಿತು.

ಇಷ್ಟನ್ನೆಲ್ಲ ಕಿತ್ತುಹಾಕಿದ ಮೇಲೆ ಉಳಿಯುವುದೇನು? ಉಳಿಯುವುದು ಒಂದು ಸಂಖ್ಯೆ: 250. ಎಸ್‌ಎಮ್‌ಟಿಪಿ ಸಂಭಾಷಣೆಯನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ಬಂದವನು ತನ್ನ ಹೆಸರು ಹೇಳುತ್ತಾನೆ, ಯಾರಿಂದ ಎನ್ನುತ್ತಾನೆ, ಯಾರಿಗೆ ಎನ್ನುತ್ತಾನೆ, ಪತ್ರ ಕೊಡಲೇ ಎಂದು ಕೇಳುತ್ತಾನೆ. ಸರ್ವರ್ 354 ಎಂದು ಹೇಳಿ ಕೈ ಚಾಚುತ್ತದೆ. ಅವನು ಪತ್ರವನ್ನೆಲ್ಲ ಓದಿಹೇಳಿ, ಕೊನೆಗೆ ಒಂದು ಸಾಲಿನಲ್ಲಿ ಬರೀ ಚುಕ್ಕಿಯನ್ನಿಟ್ಟು ಕಾಯುತ್ತಾನೆ. ಆಗ ಸರ್ವರ್ ಹೇಳುವ 250 ಒಂದು ರಸೀದಿ. ಅಲ್ಲಿಯವರೆಗೆ ಪತ್ರ ಕಳುಹಿಸಿದವನ ಹೊಣೆ, ಅಲ್ಲಿಂದಾಚೆಗೆ ನಮ್ಮ ಹೊಣೆ. ರಸೀದಿ ಕೈಗೆ ಸಿಕ್ಕವನು ತನ್ನ ಬಳಿಯ ಪ್ರತಿಯನ್ನು ಅಳಿಸಿಬಿಡುತ್ತಾನೆ. ಯಂತ್ರ ಕೆಟ್ಟಿತು, ಮುಂಚೆಯೇ ಊಹಿಸಬಹುದಾಗಿದ್ದಂತೆ ಜಾಗ ಸಾಲದೆ ಹೋಯಿತು ಎಂಬಂಥ ಕ್ಷುಲ್ಲಕ ಕಾರಣಗಳಿಗೆ ಆ ಪತ್ರವನ್ನು ಕಳೆಯಕೂಡದೆಂದು 2008ರ ಆರ್‌ಎಫ್‌ಸಿ 5321 ಕಟ್ಟುನಿಟ್ಟಾಗಿ ವಿಧಿಸುತ್ತದೆ. ದಿನಕ್ಕೆ ಮೂರು ಸಲ ಕರೆಂಟು ಹೋಗುವ ಕಡೆ ಇದು ಸಣ್ಣ ಮಾತಲ್ಲ. ಸರ್ವರನ್ನು ಎಷ್ಟು ಬೇಕಾದರೂ ಹಗುರ ಮಾಡಿ, ಆದರೆ ಈ ರಸೀದಿಯ ಹಿಂದಿನ ಕೆಲಸದಲ್ಲಿ ಒಂದು ಹೆಜ್ಜೆಯನ್ನೂ ಬಿಡುವಂತಿಲ್ಲ ಎಂಬ ಒಂದೇ ಕಟ್ಟಳೆಯನ್ನು ನಾವು ಇಟ್ಟುಕೊಂಡೆವು. ಮುಂದೆ ಹೇಳುವುದೆಲ್ಲ ಅದರಿಂದಲೇ ಹೊರಟದ್ದು.

ಮೊದಲು ಮೆಮೊರಿ. ಬಂದ ಪ್ರತಿ ಸಂಪರ್ಕಕ್ಕೂ ಒಂದು ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮು) ಹುಟ್ಟಿಸುವ ಹಳೆಯ ಪದ್ಧತಿಯನ್ನು ಬಿಟ್ಟು, ಒಂದೇ ಪ್ರೋಸೆಸ್ ಪೋಲ್ ಎಂಬ ಸಿಸ್ಟಂ ಕರೆಯ ಮೂಲಕ ಎಲ್ಲ ಸಂಪರ್ಕಗಳನ್ನು ಸರದಿಯಂತೆ ವಿಚಾರಿಸುವ ಪದ್ಧತಿಯನ್ನು ಹಿಡಿದೆವು. ಓಡುವಾಗ ಮೆಮೊರಿ ಕೇಳುವ ಮ್ಯಾಲಕ್ ಕರೆ ನಮ್ಮ ಕೋಡಿನಲ್ಲಿ ಎಲ್ಲಿಯೂ ಇಲ್ಲ. ಇಪ್ಪತ್ತು ಸಂಪರ್ಕಗಳ ಜಾಗವನ್ನು ಆರಂಭದಲ್ಲಿಯೇ ಕಾದಿರಿಸಿ, ಇಪ್ಪತ್ತೊಂದನೆಯವನಿಗೆ 421 ಎಂದು ಹೇಳಿ ಆಮೇಲೆ ಬರಲು ತಿಳಿಸುತ್ತೇವೆ. ಒಂದು ಸಂಪರ್ಕಕ್ಕೆ ಎಷ್ಟು ಜಾಗ ಬೇಕು ಎಂಬುದನ್ನು ಊಹಿಸಬೇಕಾಗಿಲ್ಲ, ಪ್ರೊಟೋಕಾಲೇ ಅಳತೆ ಕೊಟ್ಟಿದೆ: ಆಜ್ಞೆಯ ಸಾಲು 512 ಬೈಟ್, ಪತ್ರದ ಸಾಲು 1,000 ಬೈಟ್, ವಿಳಾಸ 256 ಬೈಟ್. ಸಾಲಿಗೆ 1,024, ಕಳುಹಿಸಿದವನ ವಿಳಾಸಕ್ಕೆ 256, ಬಂದ ಯಂತ್ರದ ಹೆಸರಿಗೆ 256, ಉಳಿದ ಚಿಲ್ಲರೆಗೆ 64 ಎಂದಿಟ್ಟರೆ 1,600 ಬೈಟ್, ಇಪ್ಪತ್ತಕ್ಕೆ 32,000.

ಈ ಲೆಕ್ಕದಲ್ಲಿ ಪಡೆಯುವವರ ವಿಳಾಸಗಳು ಎಲ್ಲಿ ಹೋದವು ಎಂದು ನಿಮ್ಮಲ್ಲಿ ಕೆಲವರು ಆಗಲೇ ಗಮನಿಸಿರಬೇಕು. ಒಂದು ಪತ್ರಕ್ಕೆ ಕನಿಷ್ಠ 100 ಜನ ಪಡೆಯುವವರನ್ನು ಒಪ್ಪಬೇಕೆಂದು ನಿಯಮವಿದೆ. ಅವನ್ನೆಲ್ಲ ನೆನಪಿಟ್ಟುಕೊಂಡರೆ ಒಂದೊಂದು ಸಂಪರ್ಕಕ್ಕೂ 25,600 ಬೈಟ್ ಹೆಚ್ಚುವರಿ ಬೇಕಾಗುತ್ತದೆ. ಆದರೆ ನಮ್ಮ ತೋಟದಲ್ಲಿರುವುದು ಹನ್ನೆರಡೇ ಪೆಟ್ಟಿಗೆ. ವಿಳಾಸ ಬಂದ ಕೂಡಲೇ ಅದನ್ನು ಪೆಟ್ಟಿಗೆಯ ಸಂಖ್ಯೆಯಾಗಿ ಬದಲಿಸಿ, 32 ಬಿಟ್‌ಗಳ ಒಂದು ಪೂರ್ಣಾಂಕದಲ್ಲಿ ಆ ಸಂಖ್ಯೆಯ ಬಿಟ್ಟನ್ನು ಹಚ್ಚಿದರೆ ಮುಗಿಯಿತು: ನಾಲ್ಕು ಬೈಟಿನಲ್ಲಿ ಎಲ್ಲರೂ ಹಿಡಿಸುತ್ತಾರೆ, ಒಂದೇ ವಿಳಾಸವನ್ನು ಎರಡು ಸಲ ಹೇಳಿದರೂ ಎರಡು ಪ್ರತಿ ಹೋಗುವುದಿಲ್ಲ. ತೋಟದ ಹೊರಗಿನ ವಿಳಾಸಗಳನ್ನು ಮೆಮೊರಿಯಲ್ಲಿ ಇಡದೆ, ಬಂದಂತೆಯೇ ಸರತಿಯ ಕಡತಕ್ಕೆ ಬರೆಯುತ್ತೇವೆ.

ಇನ್ನು ಪತ್ರದ ಒಡಲು. ಅದನ್ನು ಮೆಮೊರಿಯಲ್ಲಿ ಕೂಡಿಹಾಕುವ ಪ್ರಶ್ನೆಯೇ ಇಲ್ಲ, ಬಂದಷ್ಟನ್ನು ಕಾರ್ಡಿಗೆ ಬರೆಯುತ್ತ ಹೋಗಬೇಕು. ಕಷ್ಟವಿರುವುದು ಪತ್ರ ಮುಗಿದದ್ದನ್ನು ಗುರುತಿಸುವುದರಲ್ಲಿ. ಸಾಲಿನ ಕೊನೆಯ ಎರಡು ಬೈಟ್, ಒಂದು ಚುಕ್ಕಿ, ಮತ್ತೆ ಸಾಲಿನ ಕೊನೆಯ ಎರಡು ಬೈಟ್, ಹೀಗೆ ಐದು ಬೈಟ್ ಒಟ್ಟಿಗೆ ಬಂದರೆ ಪತ್ರ ಮುಗಿಯಿತೆಂದು ಅರ್ಥ. ನನ್ನ ಮೊದಲ ಆವೃತ್ತಿ, ಪ್ರತಿ ಸಲ ಓದಿದ ಬಫರಿನಲ್ಲಿ ಈ ಐದು ಬೈಟ್‌ಗಳ ಗೊಂಚಲನ್ನು ಹುಡುಕುತ್ತಿತ್ತು. ಮೇಜಿನ ಮೇಲೆ ವಾರಗಟ್ಟಲೆ ಸರಿಯಾಗಿ ಓಡಿದ ಅದು, ತೋಟಕ್ಕೆ ಹೋದ ಮೇಲೆ ಆಗೊಮ್ಮೆ ಈಗೊಮ್ಮೆ ಸುಮ್ಮನೆ ನಿಂತುಬಿಡುತ್ತಿತ್ತು. ಜಾಲದಲ್ಲಿ ಪತ್ರ ತುಣುಕುಗಳಾಗಿ ಬರುತ್ತದೆ; ಈಥರ್ನೆಟ್ ಮೇಲೆ ಒಂದು ಟಿಸಿಪಿ ತುಣುಕಿನಲ್ಲಿ ಸಾಮಾನ್ಯವಾಗಿ 1,460 ಬೈಟ್ ಹಿಡಿಸುತ್ತದೆ. ಪತ್ರದ ಉದ್ದ ಹೇಗೋ ಹೊಂದಿ, ಚುಕ್ಕಿ ಒಂದು ತುಣುಕಿನ ತುದಿಗೂ ಅದರ ಮುಂದಿನ ಎರಡು ಬೈಟ್ ಇನ್ನೊಂದು ತುಣುಕಿನ ತಲೆಗೂ ಬಿದ್ದರೆ, ಎರಡು ಬಫರುಗಳಲ್ಲಿ ಯಾವುದರಲ್ಲೂ ಐದು ಬೈಟ್ ಇಡಿಯಾಗಿ ಇರುವುದಿಲ್ಲ. ಅವನು ರಸೀದಿಗೆ ಕಾಯುತ್ತಾನೆ, ನಾನು ಚುಕ್ಕಿಗೆ ಕಾಯುತ್ತೇನೆ. ತಪ್ಪು ಪೂರ್ತಿ ನನ್ನದೇ.

ಇದಕ್ಕೆ ಮದ್ದು ದೊಡ್ಡ ಬಫರಲ್ಲ, ಒಂದು ಬೈಟಿನ ನೆನಪು. ಸಾಲಿನ ತಲೆಯಲ್ಲಿದ್ದೇನೆ, ಸಾಲಿನ ನಡುವಿದ್ದೇನೆ, ಸಾಲು ಮುಗಿಯುವ ಮೊದಲ ಬೈಟ್ ಕಂಡೆ, ಸಾಲಿನ ತಲೆಯಲ್ಲಿ ಚುಕ್ಕಿ ಕಂಡೆ, ಚುಕ್ಕಿಯ ಬೆನ್ನಿಗೆ ಸಾಲು ಮುಗಿಯುವ ಮೊದಲ ಬೈಟ್ ಕಂಡೆ ಎಂಬ ಐದು ಸ್ಥಿತಿಗಳಿದ್ದರೆ ಸಾಕು. ತುಣುಕು ಎಲ್ಲಿ ಕಡಿದರೂ ಮುಂದಿನದು ಅದೇ ಸ್ಥಿತಿಯಿಂದ ಮುಂದುವರಿಯುತ್ತದೆ. ಚುಕ್ಕಿಯಿಂದಲೇ ಆರಂಭವಾಗುವ ಸಾಲಿಗೆ ಕಳುಹಿಸುವವನು ಸೇರಿಸಿದ ಹೆಚ್ಚುವರಿ ಚುಕ್ಕಿಯನ್ನು ತೆಗೆಯುವ ಕೆಲಸವೂ ಇದರಲ್ಲಿಯೇ ಆಗಿಹೋಗುತ್ತದೆ.

ಇಲ್ಲಿ ಇನ್ನೊಂದು ಮಾತು. ಮಳೆ ಮಾಪಕದ ಬೋರ್ಡಿನಲ್ಲಿದ್ದ ಲೈಬ್ರರಿ ಸಾಲಿನ ಕೊನೆಗೆ ಎರಡು ಬೈಟಿನ ಬದಲು ಒಂದನ್ನೇ ಕಳುಹಿಸುತ್ತಿತ್ತು. ಕೊಡುವಾಗ ಬಿಗಿಯಾಗಿರು, ತೆಗೆದುಕೊಳ್ಳುವಾಗ ಉದಾರಿಯಾಗಿರು ಎಂಬುದು ಪೋಸ್ಟಲ್ ಅವರದೇ ಹೆಸರಾಂತ ಸೂತ್ರ. ಅದನ್ನು ನಂಬಿ ಸರ್ವರಿನಲ್ಲಿ ಸಡಿಲ ಕೊಡುವುದು ಸುಲಭವಿತ್ತು. 2023ರ ಡಿಸೆಂಬರ್‌ನಲ್ಲಿ ಎಸ್‌ಎಮ್‌ಟಿಪಿ ಸ್ಮಗ್ಲಿಂಗ್ ಎಂಬ ದಾಳಿ ಬಯಲಾದಾಗ ಪೋಸ್ಟ್‌ಫಿಕ್ಸ್, ಸೆಂಡ್‌ಮೇಲ್, ಎಕ್ಸಿಮ್ ಮೂರೂ ಸಿಕ್ಕಿಬಿದ್ದದ್ದು ಇದೇ ಔದಾರ್ಯದಿಂದ: ಪತ್ರ ಎಲ್ಲಿ ಮುಗಿಯುತ್ತದೆ ಎಂಬುದರಲ್ಲಿ ಎರಡು ಸರ್ವರುಗಳಿಗೆ ಒಮ್ಮತವಿಲ್ಲದಿದ್ದರೆ, ಒಂದು ಪತ್ರದ ಹೊಟ್ಟೆಯಲ್ಲಿ ಇನ್ನೊಂದು ಸುಳ್ಳು ಪತ್ರವನ್ನು ಸಾಗಿಸಬಹುದು. ನಮ್ಮ ಸರ್ವರ್ ಒಂಟಿ ಬೈಟಿನ ಸಾಲನ್ನು ತಿರಸ್ಕರಿಸುತ್ತದೆ. ಮಾಪಕದ ಲೈಬ್ರರಿಯನ್ನೇ ತಿದ್ದಿದೆವು.

ಚುಕ್ಕಿ ಸಿಕ್ಕಿತು. ರಸೀದಿ ಕೊಡಬಹುದೇ? ಇನ್ನೂ ಇಲ್ಲ. ನಾವು ಬಳಸುವುದು ಬರ್ನ್‌ಸ್ಟೀನ್ ರೂಪಿಸಿದ ಮೇಲ್‌ಡಿರ್ ವ್ಯವಸ್ಥೆ. ಪ್ರತಿ ಪೆಟ್ಟಿಗೆಯಲ್ಲಿ ಟೆಂಪ್, ನ್ಯೂ, ಕರ್ ಎಂಬ ಮೂರು ಡೈರೆಕ್ಟರಿಗಳಿರುತ್ತವೆ; ಪತ್ರವನ್ನು ಮೊದಲು ಟೆಂಪ್‌ನಲ್ಲಿ ಬರೆದು, ಪೂರ್ತಿಯಾದ ಮೇಲೆ ನ್ಯೂಗೆ ದಾಟಿಸುವುದರಿಂದ ಅರೆಬರೆ ಪತ್ರ ಯಾರ ಕಣ್ಣಿಗೂ ಬೀಳುವುದಿಲ್ಲ, ಬೀಗ ಹಾಕುವ ಗೊಡವೆಯೂ ಇಲ್ಲ. ಬರೆದ ಕಡತವನ್ನು ಎಫ್‌ಸಿಂಕ್ ಮಾಡಿ ಕಾರ್ಡಿಗೆ ಮುಟ್ಟಿಸಬೇಕು; ನ್ಯೂಗೆ ದಾಟಿಸಬೇಕು; ನ್ಯೂ ಡೈರೆಕ್ಟರಿಯನ್ನೂ ಎಫ್‌ಸಿಂಕ್ ಮಾಡಬೇಕು, ಏಕೆಂದರೆ ಕಡತದ ಒಡಲು ಕಾರ್ಡಿನಲ್ಲಿದ್ದೂ ಅದರ ಹೆಸರು ಡೈರೆಕ್ಟರಿಯಲ್ಲಿ ದಾಖಲಾಗದಿದ್ದರೆ ಕರೆಂಟು ಮರಳಿದಾಗ ಪತ್ರ ಇದ್ದೂ ಇಲ್ಲದಂತೆ. ಇದೆಲ್ಲ ಆದ ಮೇಲೆಯೇ 250.

ಇಷ್ಟು ಎಚ್ಚರವಹಿಸಿದ್ದರೂ ಒಂದು ಜುಲೈ ಬೆಳಿಗ್ಗೆ ಮಳೆ ಮಾಪಕದ ಒಂದು ಪತ್ರ ಕಾಣೆಯಾಗಿತ್ತು. ಮಾಪಕದ ದಾಖಲೆಯಲ್ಲಿ ಎರಡು ಪತ್ರ ಕಳುಹಿಸಿ ಎರಡಕ್ಕೂ ರಸೀದಿ ಪಡೆದದ್ದು ಸ್ಪಷ್ಟವಿದೆ, ಪೆಟ್ಟಿಗೆಯಲ್ಲಿರುವುದು ಒಂದೇ. ಕಾರಣ ಹುಡುಕಲು ನನಗೆ ಮೂರು ದಿನ ಹಿಡಿಯಿತು. ಮೇಲ್‌ಡಿರ್‌ನಲ್ಲಿ ಕಡತದ ಹೆಸರನ್ನು ಆ ಹೊತ್ತಿನ ಸೆಕೆಂಡು, ಪ್ರೋಸೆಸ್ ಸಂಖ್ಯೆ, ಯಂತ್ರದ ಹೆಸರು ಇವುಗಳಿಂದ ಕಟ್ಟುವುದು ವಾಡಿಕೆ. ಒಂದೇ ಸೆಕೆಂಡಿನಲ್ಲಿ ಒಂದೇ ಸಂಖ್ಯೆಯ ಪ್ರೋಸೆಸ್ ಎರಡಿರಲಾರದು ಎಂಬ ನಂಬಿಕೆ ಅದರ ಹಿಂದಿದೆ. ನಮ್ಮ ಬೋರ್ಡಿಗೆ ಬ್ಯಾಟರಿಯ ಗಡಿಯಾರವಿಲ್ಲ. ಬೂಟ್ ಆಗುವಾಗ ಓಪನ್‌ಡಬ್ಲ್ಯುಆರ್‌ಟಿ ತನ್ನ ಸಂರಚನಾ ಕಡತಗಳಲ್ಲಿ ತೀರ ಈಚಿನದು ಯಾವುದೋ ಅದರ ಕಾಲವನ್ನೇ ಗಡಿಯಾರಕ್ಕಿಟ್ಟು, ನೆಟ್‌ವರ್ಕು ಬಂದ ಮೇಲೆ, ಜಾಲದಿಂದ ಸರಿಯಾದ ಸಮಯ ತರುವ ಎನ್‌ಟಿಪಿಯಿಂದ ತಿದ್ದಿಕೊಳ್ಳುತ್ತದೆ. ಆ ರಾತ್ರಿ ನೆಟ್‌ವರ್ಕು ಇರಲಿಲ್ಲ, ಕರೆಂಟು ಎರಡು ಸಲ ಹೋಗಿ ಬಂತು. ಎರಡು ಸಲವೂ ಗಡಿಯಾರ ಒಂದೇ ಕ್ಷಣದಿಂದ ಆರಂಭವಾಯಿತು. ಬೂಟ್ ಆಗುವ ಕ್ರಮ ಬದಲಾಗದ್ದರಿಂದ ಪ್ರೋಸೆಸ್ ಸಂಖ್ಯೆಯೂ ಒಂದೇ ಆಯಿತು. ಮಾಪಕವೂ ಅದೇ ಕರೆಂಟಿನಿಂದ ಎದ್ದು ಅಷ್ಟೇ ಸೆಕೆಂಡುಗಳ ನಂತರ ತನ್ನ ಮೊದಲ ಪತ್ರ ಕಳುಹಿಸಿತು. ಹೆಸರು ಅಕ್ಷರಶಃ ಒಂದೇ. ನಾನು ದಾಟಿಸಲು ಬಳಸಿದ್ದ ರೀನೇಮ್ ಕರೆ, ಆ ಹೆಸರಿನ ಕಡತ ಮೊದಲೇ ಇದ್ದರೆ ತುಟಿ ಬಿಚ್ಚದೆ ಅದನ್ನು ಒರೆಸಿ ಹೊಸದನ್ನು ಇಡುತ್ತದೆ.

ಈಗ ರೀನೇಮ್ ಬದಲು ಲಿಂಕ್ ಕರೆಯಿದೆ. ಹೆಸರು ಮೊದಲೇ ಇದ್ದರೆ ಅದು ಸೋಲುತ್ತದೆ, ಸೋತರೆ ಬೇರೆ ಹೆಸರು ಕಟ್ಟುತ್ತೇವೆ. ಜೊತೆಗೆ ಪ್ರತಿ ಬೂಟಿನಲ್ಲಿ ಒಂದೊಂದು ಹೆಚ್ಚುವ ಎಣಿಕೆಯನ್ನು ಕಾರ್ಡಿನಲ್ಲಿಟ್ಟು ಅದನ್ನೂ ಹೆಸರಿಗೆ ಸೇರಿಸಿದ್ದೇವೆ. ಎಸ್‌ಡಿ ಕಾರ್ಡನ್ನು ಅಂಗಡಿಯಿಂದ ತಂದ ಫ್ಯಾಟ್ ರೂಪದಲ್ಲಿಯೇ ಬಳಸುವವರಿಗೆ ಈ ದಾರಿಯಿಲ್ಲ, ಅದರಲ್ಲಿ ಹಾರ್ಡ್ ಲಿಂಕ್, ಅಂದರೆ ಒಂದೇ ಕಡತಕ್ಕೆ ಎರಡು ಹೆಸರು ಕೊಡುವ ಸೌಲಭ್ಯ, ಇಲ್ಲ. ನಾವು ಲಿನಕ್ಸ್‌ನ ಇಎಕ್ಸ್‌ಟಿ4 ರೂಪ ಹಾಕಿದ್ದೇವೆ.

ಎಫ್‌ಸಿಂಕ್‌ಗೆ ಬೆಲೆಯಿದೆ. ಒಳಗೊಳಗೇ ಬ್ಲಾಕುಗಳನ್ನು ಅಳಿಸಿ ಹೊಂದಿಸಿಕೊಳ್ಳುತ್ತಿರುವ ಎಸ್‌ಡಿ ಕಾರ್ಡು ಆ ಕರೆಗೆ ಉತ್ತರಿಸಲು ಕೆಲವೊಮ್ಮೆ ಅರ್ಧ ಸೆಕೆಂಡಿಗೂ ಹೆಚ್ಚು ತೆಗೆದುಕೊಳ್ಳುತ್ತದೆ, ಅಷ್ಟು ಹೊತ್ತು ನಮ್ಮ ಒಂಟಿ ಪ್ರೋಸೆಸ್ ಕಲ್ಲಿನಂತೆ ನಿಲ್ಲುತ್ತದೆ. ಹಾಗಾಗಿ ಆ ಕೆಲಸವೊಂದಕ್ಕೆ, ಅದೇ ಪ್ರೋಸೆಸ್ಸಿನೊಳಗೆ ಪಕ್ಕದಲ್ಲಿ ಓಡುವ ಬೇರೆ ಥ್ರೆಡ್ ಇಟ್ಟೆವು. ಕಳುಹಿಸಿದವನು ಚುಕ್ಕಿಯ ನಂತರ ಹತ್ತು ನಿಮಿಷದವರೆಗೆ ಕಾಯಬೇಕೆಂದು ನಿಯಮವಿದೆಯಾದರೂ, ಎಲ್ಲರೂ ಅಷ್ಟು ತಾಳ್ಮೆಯವರಲ್ಲ; ರಸೀದಿ ತಡವಾದರೆ ಸಂಪರ್ಕ ಕಡಿದು ಅದೇ ಪತ್ರವನ್ನು ಮತ್ತೆ ಕಳುಹಿಸುತ್ತಾರೆ. 1988ರ ಆರ್‌ಎಫ್‌ಸಿ 1047 ಬರೀ ಹೀಗೆ ಎರಡೆರಡು ಪ್ರತಿಯಾಗುವ ಪತ್ರಗಳ ತೊಂದರೆಯನ್ನು ಕುರಿತದ್ದು. ಕಾರ್ಡು ತುಂಬುತ್ತ ಬಂದಾಗ ಪತ್ರವನ್ನು ಅರ್ಧ ತೆಗೆದುಕೊಂಡು ಒದ್ದಾಡದೆ, 354 ಹೇಳುವ ಮೊದಲೇ 452 ಎಂದು ಹೇಳಿ ವಾಪಸು ಕಳುಹಿಸುತ್ತೇವೆ.

ಮೆಮೊರಿಯ ದೊಡ್ಡ ಭಕ್ಷಕ, ಸಂಪರ್ಕವನ್ನು ಗೂಢಲಿಪಿಯಲ್ಲಿ ಮುಚ್ಚುವ ಟಿಎಲ್‌ಎಸ್. ಅದರ ಒಂದು ದಾಖಲೆ 16 ಕಿಲೋಬೈಟ್‌ವರೆಗೆ ಇರಬಹುದು. ಬರುವ ದಿಕ್ಕಿಗೊಂದು, ಹೋಗುವ ದಿಕ್ಕಿಗೊಂದು ಬಫರ್ ಇಟ್ಟರೆ 32,768 ಬೈಟ್, ಅಂದರೆ ಒಂದೇ ಟಿಎಲ್‌ಎಸ್ ಸಂಪರ್ಕ ನಮ್ಮ ಇಪ್ಪತ್ತು ಬರಿಯ ಸಂಪರ್ಕಗಳಷ್ಟು ತಿನ್ನುತ್ತದೆ. ಥಾಮಸ್ ಪೋರ್ನಿನ್ ಬರೆದ ಬೇರ್‌ಎಸ್‌ಎಸ್‌ಎಲ್ ಎಂಬ ಟಿಎಲ್‌ಎಸ್ ಲೈಬ್ರರಿ ಮ್ಯಾಲಕ್ ಬಳಸದೆ, ಬಫರನ್ನು ನಮ್ಮಿಂದಲೇ ಕೇಳಿ ಪಡೆಯುವುದರಿಂದ ನಮ್ಮ ಕಟ್ಟಳೆಗೆ ಒಗ್ಗಿತು. ಟಿಎಲ್‌ಎಸ್ ಸಂಪರ್ಕಗಳನ್ನು ನಾಲ್ಕಕ್ಕೆ ನಿಲ್ಲಿಸಿದೆವು. ಗಡಿಯಾರದ ಕಾಟ ಇಲ್ಲಿಯೂ ತಪ್ಪಲಿಲ್ಲ: ಗಡಿಯಾರ ಹಿಂದಿದ್ದಾಗ ರಿಲೇ ಸೇವೆಯ ಪ್ರಮಾಣಪತ್ರದ ಆರಂಭದ ದಿನಾಂಕ ಭವಿಷ್ಯದಲ್ಲಿದ್ದಂತೆ ಕಂಡು ಪರಿಶೀಲನೆ ವಿಫಲವಾಗುತ್ತದೆ. ಪರಿಶೀಲನೆಯನ್ನೇ ಆರಿಸಿಬಿಡಿ ಎಂಬ ಸಲಹೆ ಬಂದಿತ್ತು, ಒಪ್ಪಲಿಲ್ಲ. ಎನ್‌ಟಿಪಿ ಗಡಿಯಾರ ತಿದ್ದುವವರೆಗೆ ಹೊರಗಿನ ಸರತಿ ಕಾಯುತ್ತದೆ.

ಕನ್ನಡದ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಸರ್ವರ್ ಪತ್ರದ ಒಡಲನ್ನು ಮುಟ್ಟುವುದಿಲ್ಲ, ಬೈಟುಗಳು ಬಂದಂತೆಯೇ ಹೋಗುತ್ತವೆ. ತೊಡಕಿರುವುದು ನೀರಿನ ಮೀಟರಿನ ಬೋರ್ಡು ತಾನೇ ಬರೆಯುವ ವಿಷಯದ ಸಾಲಿನಲ್ಲಿ. ಆಸ್ಕಿಯಲ್ಲದ, ಅಂದರೆ ಇಂಗ್ಲಿಷ್ ಅಕ್ಷರ ಅಂಕಿಗಳಾಚೆಯ ವಿಷಯವನ್ನು, ಬರೀ ಆಸ್ಕಿ ಅಕ್ಷರಗಳ ಬೇಸ್64 ರೂಪಕ್ಕೆ ಮಡಿಸಿ ತುಂಡು ತುಂಡಾಗಿ ಕಳುಹಿಸಬೇಕು, ಒಂದು ತುಂಡು 75 ಅಕ್ಷರ ಮೀರಬಾರದು. ಯುಟಿಎಫ್-8 ಎಂಬ ಗುರುತಿನ ಸಮೇತ ಹಿಂದುಮುಂದಿನ ಚಿಹ್ನೆಗಳಿಗೆ 12 ಹೋಗಿ 63 ಉಳಿಯುತ್ತದೆ. ಬೇಸ್64 ಮೂರು ಬೈಟ್‌ಗೆ ನಾಲ್ಕು ಅಕ್ಷರಗಳ ಗುಂಪಿನಲ್ಲಿ ನಡೆಯುವುದರಿಂದ 60. ಅದರಲ್ಲಿ ಹಿಡಿಸುವುದು 45 ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್, 45 ಮೂರರಿಂದ ಸರಿಯಾಗಿ ಭಾಗವಾಗುತ್ತದೆ, ಆದ್ದರಿಂದ ಕಣ್ಣುಮುಚ್ಚಿ 45ಕ್ಕೆ ಕತ್ತರಿಸಬಹುದು ಎಂದು ನಾನು ಭಾವಿಸಿದ್ದೆ. ಪದಗಳ ನಡುವಿನ ಖಾಲಿ ಜಾಗಕ್ಕೆ ಒಂದೇ ಬೈಟ್ ಎಂಬುದನ್ನು ಮರೆತಿದ್ದೆ. "ಪಲ್ಪಿಂಗ್ ಘಟಕದ ಇಂದಿನ ನೀರಿನ ಲೆಕ್ಕ" ಎಂಬ ಸಾಲನ್ನು ತೆಗೆದುಕೊಳ್ಳಿ: ಮೊದಲ ಪದಕ್ಕೆ 24, ಖಾಲಿ ಜಾಗ ಸೇರಿ 25, ಎರಡನೆಯ ಪದ ಮುಗಿದಾಗ 37, ಮತ್ತೆ ಖಾಲಿ ಜಾಗ 38, 'ಇ' ಮುಗಿದಾಗ 41, ಅನುಸ್ವಾರಕ್ಕೆ 44. ನಲವತ್ತೈದನೆಯದು 'ದ'ದ ಮೂರು ಬೈಟುಗಳಲ್ಲಿ ಮೊದಲನೆಯದು. ರೈಟರ ಫೋನಿನಲ್ಲಿ 'ಇಂದಿನ' ಇರಬೇಕಾದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ಚೌಕಗಳು ಬಂದಿದ್ದವು. ಒಂದು ಅಕ್ಷರಸಂಕೇತವನ್ನು ಎರಡು ತುಂಡುಗಳಿಗೆ ಹಂಚಕೂಡದೆಂದು ಆರ್‌ಎಫ್‌ಸಿ 2047 ಹೇಳಿಯೇ ಇದೆ. ಈಗ ಸಂಕೇತ ಪೂರ್ತಿಯಾದಲ್ಲೇ, ಈ ಸಾಲಿನಲ್ಲಾದರೆ 44ಕ್ಕೇ, ನಿಲ್ಲಿಸುತ್ತೇವೆ.

ಕೊನೆಯದಾಗಿ ಪರೀಕ್ಷೆ. ಬೋರ್ಡಿನ ವಿದ್ಯುತ್ತನ್ನು ಒಂದು ರಿಲೇ ಸ್ವಿಚ್ಚಿನ ಮೂಲಕ ಹಾಯಿಸಿ, ಯಾವಾಗೆಂದರೆ ಆವಾಗ ಕಡಿಯುವಂತೆ ಮಾಡಿ, ಇನ್ನೊಂದು ಕಂಪ್ಯೂಟರಿನಿಂದ ಎಡೆಬಿಡದೆ ಪತ್ರ ಕಳುಹಿಸುತ್ತ ರಾತ್ರಿಯೆಲ್ಲ ಬಿಡುತ್ತಿದ್ದೆವು. ಬೆಳಿಗ್ಗೆ ತಾಳೆ ನೋಡುವುದು ಒಂದನ್ನೇ: ಕಳುಹಿಸಿದವನ ಬಳಿ ರಸೀದಿಯಿರುವ ಪ್ರತಿಯೊಂದು ಪತ್ರವೂ ಪೆಟ್ಟಿಗೆಯಲ್ಲಿರಬೇಕು. ಪತ್ರ ದಾಖಲಾಗಿ, 250 ಹೊರಡುವ ಮುನ್ನ ಕರೆಂಟು ಹೋಗಿದ್ದರೆ ಅದು ಎರಡು ಪ್ರತಿಯಾಗಬಹುದು. ಅದನ್ನು ತಪ್ಪೆಂದು ಎಣಿಸುವುದಿಲ್ಲ. ಹೀಗೆ ನೋಡುವಾಗ ಒಂದು ಅಗ್ಗದ ಕಾರ್ಡಿನಲ್ಲಿ ಮಾತ್ರ ರಸೀದಿಯಿದ್ದ ಪತ್ರಗಳು ಮತ್ತೆ ಮತ್ತೆ ಕಾಣೆಯಾಗುತ್ತಿದ್ದವು, ನಮ್ಮ ಕೋಡನ್ನು ಎಷ್ಟು ಜಾಲಾಡಿದರೂ ದೋಷ ಸಿಗಲಿಲ್ಲ. ಬರೆದಾಯಿತು ಎಂದು ಕಾರ್ಡೇ ನಮಗೆ ಸುಳ್ಳು ರಸೀದಿ ಕೊಡುತ್ತಿತ್ತು. ಬೇರೆ ಕಾರ್ಡು ಹಾಕಿದ ಮೇಲೆ ಅದು ನಿಂತಿತು. ಹಳೆಯದನ್ನು ಎಸೆಯದೆ, ಹೊಸ ಕೋಡನ್ನು ಹೆದರಿಸಲೆಂದೇ ಮೇಜಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೇನೆ.